ಚಳಿನಾಡಿನಲ್ಲಿ ಸೌದೆ ಒಲೆ: ಹೊಗೆಯಿಲ್ಲದೆ, ಅಪಾಯವಿಲ್ಲದೆ ಮನೆ ಬೆಚ್ಚಗಿಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ಪರಿಚಯದ ಕನ್ನಡದ ಮನೆಗಳಿಂದ ನನಗೆ ಫೋನ್ ಶುರುವಾಗುತ್ತವೆ. "ಒಲೆ ಹಚ್ಚಿದ್ರೆ ಮನೆ ತುಂಬಾ ಹೊಗೆ." "ಗಾಜು ಪೂರ್ತಿ ಕಪ್ಪಾಗಿದೆ." "ರಾತ್ರಿ ತುಂಬಿಸಿಟ್ಟು ಮಲಗಿದ್ವಿ, ಬೆಳಗ್ಗೆ ನೋಡಿದ್ರೆ ಅರ್ಧ ಸುಟ್ಟ ಕೊರಡು, ಮನೆಯೆಲ್ಲ ತಣ್ಣಗೆ." ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ಕಡೆ ಹಳೇ ಮನೆ ಕೊಂಡರೆ ಮನೆಯ ಜೊತೆಗೇ ಒಂದು ಕಬ್ಬಿಣದ ಒಲೆಯೂ ಸಿಗುವುದುಂಟು. ಅದನ್ನು ಹೇಗೆ ಬಳಸಬೇಕೆಂದು ಹೇಳಿಕೊಡುವವರು ಮಾತ್ರ ಸಿಗುವುದಿಲ್ಲ.

ಫೋನ್ ಮಾಡುವವರಲ್ಲಿ ಬಹಳಷ್ಟು ಜನ ಮಲೆನಾಡಿನವರು, ಇಲ್ಲವೇ ಹಳ್ಳಿಮನೆ ನೋಡಿ ಬೆಳೆದವರು. ಅವರಿಗೆ ಬೆಂಕಿ ಹೊಸದಲ್ಲ. ತೊಡಕು ಇರುವುದೇ ಅಲ್ಲಿ. ಬಚ್ಚಲೊಲೆಯಲ್ಲಿ ಹಂಡೆಯ ಕೆಳಗೆ ಉದ್ದ ಕುಂಟೆ ಇಟ್ಟು, ಉರಿದ ಹಾಗೆ ಒಳಗೆ ತಳ್ಳುತ್ತೇವೆ. ಸೌದೆ ಸ್ವಲ್ಪ ಹಸಿ ಇದ್ದರೂ ನಡೆಯುತ್ತದೆ. ಹೊಗೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ. ಇಲ್ಲಿ ಅದೇ ಹೊಗೆ ಆರು ಇಂಚಿನ ಕೊಳವೆಯಲ್ಲಿ ಎರಡು ಅಂತಸ್ತು ಏರಬೇಕು. ದಾರಿಯಲ್ಲಿ ತಣ್ಣಗಾದರೆ ಕೊಳವೆಯ ಒಳಮೈಗೆ ಟಾರಿನ ಹಾಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಚಿಮಣಿಗೆ ಬೆಂಕಿ ಬೀಳುವುದು ಇದರಿಂದಲೇ.

ಹಾಗಾಗಿ ಎರಡೇ ಮಾತು: ಒಣ ಸೌದೆ ಇರಲಿ, ಚುರುಕಾದ ಉರಿ ಇರಲಿ. ಕೆಳಗೆ ಹೇಳುವ ಎಲ್ಲ ಹಂತಗಳೂ ಈ ಎರಡಕ್ಕಾಗಿಯೇ ಇವೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಹೆಚ್ಚಿನವರು ನೇರ ನಾಲ್ಕನೇ ಹಂತದಿಂದ, ಅಂದರೆ ಕಡ್ಡಿ ಗೀರುವುದರಿಂದ ಶುರು ಮಾಡುತ್ತಾರೆ.

## ಹಂತ 1: ಬೆಂಕಿಗೆ ಮುಂಚೆ ಚಿಮಣಿ ನೋಡಿ

ಕೆಲಸದ ಕಾಲ: ಆಗಸ್ಟ್, ಸೆಪ್ಟೆಂಬರ್. ಅಕ್ಟೋಬರ್ ಹೊತ್ತಿಗೆ ಚಿಮಣಿ ಶುಚಿ ಮಾಡುವವರು ಸಿಗುವುದು ಕಷ್ಟ.

ಮನೆ ಮಾರಿದವರು "ಹೋದ ವರ್ಷವೂ ಉರಿಸಿದ್ದೆವು, ಏನೂ ತೊಂದರೆಯಿಲ್ಲ" ಅಂದರೆ ಅಷ್ಟಕ್ಕೇ ಬಿಡಬೇಡಿ. ಸರ್ಟಿಫಿಕೇಟ್ ಇರುವ ಚಿಮಣಿ ಕೆಲಸಗಾರರನ್ನು ಕರೆಸಿ. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ತೋರಿಸಲು ಹೇಳಿ. ಲೈನರ್, ಅಂದರೆ ಚಿಮಣಿಯ ಒಳಪದರ, ಬಿರುಕು ಬಿಟ್ಟಿದ್ದರೆ ಅದು ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಒಳಗೆ ಮಸಿ 3 ಮಿಲಿಮೀಟರ್ ದಪ್ಪ ಕಟ್ಟಿದರೆ ಶುಚಿ ಮಾಡುವ ಹೊತ್ತು ಬಂತು ಅಂತಲೇ ಲೆಕ್ಕ.

ನೀವೇ ನೋಡಬಹುದಾದ ವಿಷಯಗಳೂ ಇವೆ. ಚಿಮಣಿ ಛಾವಣಿಯನ್ನು ದಾಟುವ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು. ಸುತ್ತ 10 ಅಡಿಯೊಳಗೆ ಇರುವ ಛಾವಣಿಯ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಇದಕ್ಕಿಂತ ಗಿಡ್ಡವಾಗಿದ್ದರೆ ಗಾಳಿ ಬೀಸಿದಾಗಲೆಲ್ಲ ಹೊಗೆ ಮನೆಯೊಳಗೆ ನುಗ್ಗುತ್ತದೆ.

ಒಲೆಯ ಹಿಂದೆ ಒಂದು ಲೋಹದ ಪಟ್ಟಿ ಇರುತ್ತದೆ. ಗೋಡೆಯಿಂದ ಎಷ್ಟು ದೂರ ಇಡಬೇಕೆಂದು ಅದರ ಮೇಲೆ ಬರೆದಿರುತ್ತದೆ. ಪಟ್ಟಿಯೇ ಇಲ್ಲದ ಹಳೇ ಒಲೆಯಾದರೆ ಹೊತ್ತಿಕೊಳ್ಳುವ ಯಾವ ವಸ್ತುವೂ 36 ಇಂಚಿನೊಳಗೆ ಇರಬಾರದು. ಸೋಫಾ, ಪರದೆ, ಸೌದೆ ಬುಟ್ಟಿ, ಗೋಡೆಯ ಮರದ ಚೌಕಟ್ಟು ಎಲ್ಲಕ್ಕೂ ಇದೇ ಲೆಕ್ಕ. ಬಾಗಿಲ ಮುಂದೆ ಕಲ್ಲು ಅಥವಾ ಟೈಲ್ಸ್ ನೆಲ 18 ಇಂಚು ಚಾಚಿರಲಿ. ಕಿಡಿ ಹಾರಿ ಬೀಳುವುದು ಅಲ್ಲಿಗೇ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಪ್ರತಿ ಅಂತಸ್ತಿಗೆ ಒಂದು, ಮಲಗುವ ಕೋಣೆಗಳ ಹತ್ತಿರ ಒಂದು ಬೇಕೇ ಬೇಕು. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಬ್ಯಾಟರಿ ಹೊಸದು ಹಾಕಿ, ಗುಂಡಿ ಒತ್ತಿ ಸದ್ದು ಕೇಳಿಸಿಕೊಂಡೇ ಮುಂದಕ್ಕೆ ಹೋಗಿ. ಮನೆಯ ಇನ್ಶೂರೆನ್ಸ್‌ನವರಿಗೂ ಒಲೆ ಇರುವ ವಿಷಯ ತಿಳಿಸಿರಬೇಕು. ಇಲ್ಲದಿದ್ದರೆ ಏನಾದರೂ ಆದ ದಿನ ತಕರಾರು ಬರುತ್ತದೆ.

## ಹಂತ 2: ಸೌದೆ, ಒಂದು ವರ್ಷ ಮೊದಲೇ

ಫೋನ್‌ನಲ್ಲಿ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತವೆ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಮೊದಲ ಚಳಿಗಾಲಕ್ಕೆ ಎರಡು ಕಾರ್ಡ್ (ಇಲ್ಲಿ ಸೌದೆ ಅಳೆಯುವ ಲೆಕ್ಕ, ಮುಂದೆ ಹೇಳುತ್ತೇನೆ) ಸೌದೆ ತರಿಸಿದ್ದೆವು. ಮಾರಿದವರು ಚೆನ್ನಾಗಿ ಒಣಗಿದೆ ಅಂತಲೇ ಹೇಳಿದ್ದರು. ಒಲೆಗೆ ಹಾಕಿ ಹತ್ತು ನಿಮಿಷಕ್ಕೆ ಸೀಳಿನ ತುದಿಯಲ್ಲಿ ಬಿಳಿ ನೊರೆ ಕಾಣಿಸಿತು. ಸುಯ್ ಅನ್ನುವ ಸಣ್ಣ ಸದ್ದು. ನೊರೆ ಗುಳ್ಳೆಗುಳ್ಳೆಯಾಗಿ ಕುದಿದು, ಕಂದು ಗೆರೆ ಬಿಟ್ಟು ಆರುತ್ತಿತ್ತು. ಬೆಂಕಿ ಹತ್ತಿದೆ ಅಂತ ನಾವು ಖುಷಿಯಲ್ಲಿದ್ದೆವು. ನಿಜಕ್ಕೂ ಬೆಂಕಿ ಮಾಡುತ್ತಿದ್ದ ಕೆಲಸ ನೀರು ಕುದಿಸುವುದು. ಫೆಬ್ರವರಿಯಲ್ಲಿ ಚಿಮಣಿಯವರು ಬಂದು ಕೊಳವೆ ಬಿಚ್ಚಿದಾಗ ಒಳಗೆ ಕಪ್ಪಗೆ, ಮೆರುಗೆಣ್ಣೆ ಬಳಿದ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಉಳಿದ ಸೌದೆಯನ್ನು ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದರೆ 34 ತೋರಿಸಿತು. ಒಣ ಮರದ ತೂಕದ ಎದುರು ನೀರು ಶೇಕಡಾ 34 ಇದೆ ಅನ್ನುವ ಲೆಕ್ಕ ಅದು. ಅಂದರೆ 5 ಕಿಲೋ ತೂಕದ ಒಂದು ಸೀಳಿನಲ್ಲಿ ಸುಮಾರು ಒಂದೂಕಾಲು ಲೀಟರ್ ನೀರು. ಮೀಟರ್‌ನಲ್ಲಿ 20ಕ್ಕಿಂತ ಕಡಿಮೆ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಆ ಸೌದೆ ಈ ವರ್ಷಕ್ಕಲ್ಲ.

ಅಳೆಯುವ ರೀತಿ. ಸೌದೆಯ ಹೊರಮೈಗೆ ಮೀಟರ್ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ಹೊರಗೆ ಒಣಗಿರುತ್ತದೆ, ಒಳಗೆ ಹಸಿ ಇರುತ್ತದೆ. ಮೂರು ನಾಲ್ಕು ಸೀಳು ಆರಿಸಿ ಒಂದು ದಿನ ಮನೆಯೊಳಗೆ ಇಡಿ. ಹೆಪ್ಪುಗಟ್ಟಿದ ಸೌದೆಯಲ್ಲಿ ಮೀಟರ್ ಸರಿಯಾಗಿ ಓದುವುದಿಲ್ಲ. ಆಮೇಲೆ ಪ್ರತಿಯೊಂದನ್ನೂ ಎರಡಾಗಿ ಸೀಳಿ, ಹೊಸದಾಗಿ ತೆರೆದ ಮೈಯ ನಡುವೆ, ನಾರಿನ ಉದ್ದಕ್ಕೆ ಮುಳ್ಳುಗಳನ್ನು ಚುಚ್ಚಿ. ಮೀಟರ್ ಇಲ್ಲದಿದ್ದರೆ ಎರಡು ಸೀಳು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಪ್ ಅನ್ನುತ್ತದೆ. ಒಣಗಿದ್ದರ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕುಗಳೂ ಇರುತ್ತವೆ. ಆದರೂ ಕಿವಿಗಿಂತ ಮೀಟರ್ ನಂಬಿ, ಬೆಲೆ ಏನೂ ಹೆಚ್ಚಿಲ್ಲ.

ಕೊಳ್ಳುವ ಲೆಕ್ಕ. ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಪೇರಿಕೆ, ಅಂದರೆ 128 ಘನ ಅಡಿ. "ಫೇಸ್ ಕಾರ್ಡ್" ಅಂದರೆ ಬೇರೆ. ಅದು 16 ಇಂಚಿನ ಸೀಳುಗಳ ಒಂದೇ ಸಾಲು, ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ ಅಷ್ಟೇ. ದುಡ್ಡು ಕೊಡುವ ಮುಂಚೆ ಯಾವ ಕಾರ್ಡ್ ಅಂತ ಬಾಯಿಬಿಟ್ಟು ಕೇಳಿ. ನಮ್ಮ ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕು ಪೂರ್ತಿ ಕಾರ್ಡ್ ಬೇಕು.

ಯಾವ ಮರ? ಮೇಪಲ್, ಓಕ್, ಆ್ಯಶ್, ಬರ್ಚ್ ಇವು ಈ ಕಡೆ ಸಿಗುವ ಒಳ್ಳೆಯ ಸೌದೆ. ಸಕ್ಕರೆ ಮೇಪಲ್‌ನ ಒಂದು ಕಾರ್ಡ್, ಬಿಳಿ ಪೈನ್‌ನ ಒಂದು ಕಾರ್ಡಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ಕೊಡುತ್ತದೆ. ಪೈನ್ ಉರಿಸಿದರೆ ಚಿಮಣಿ ಹಾಳು ಅನ್ನುವ ಮಾತು ಎಲ್ಲೆಡೆ ಕೇಳುತ್ತೀರಿ. ನಾನು ಒಪ್ಪುವುದಿಲ್ಲ. ಚಿಮಣಿ ಹಾಳು ಮಾಡುವುದು ನೀರು. ಒಣಗಿದ ಪೈನ್ ಶರತ್ಕಾಲದ ಸಣ್ಣ ಚಳಿಗೆ, ಬೆಂಕಿ ಹಚ್ಚುವುದಕ್ಕೆ ತುಂಬಾ ಚೆನ್ನ.

ಒಣಗುವ ಕಾಲವೂ ಒಂದೊಂದಕ್ಕೆ ಒಂದೊಂದು. ಸೀಳಿ ಪೇರಿಸಿದ ಮೇಲೆ ಆ್ಯಶ್, ಬರ್ಚ್, ಮೇಪಲ್‌ಗೆ ಒಂದು ಪೂರ್ತಿ ಬೇಸಿಗೆಯಾದರೂ ಬೇಕು, ವರ್ಷವಾದರೆ ಒಳ್ಳೆಯದು. ಓಕ್‌ಗೆ ಎರಡು ವರ್ಷ. ಸೀಳದೆ ದುಂಡಗೇ ಬಿಟ್ಟ ದಿಮ್ಮಿ ಬಹಳ ಕಾಲ ಒಳಗೆ ಹಸಿಯಾಗಿಯೇ ಇರುತ್ತದೆ. ಮರ ಬಿದ್ದು ಮೂರು ವರ್ಷವಾಯಿತು ಅನ್ನುವುದು ಒಣಗಿದ ಲೆಕ್ಕವಲ್ಲ, ಸೀಳಿದ ದಿನದಿಂದ ಎಣಿಸಬೇಕು.

ಪೇರಿಸುವ ರೀತಿ. ನೆಲಕ್ಕೆ ತಾಗದ ಹಾಗೆ ಹಲಗೆಯೋ ಪ್ಯಾಲೆಟ್ಟೋ ಹಾಕಿ. ಬಿಸಿಲು, ಗಾಳಿ ಎರಡೂ ಬರುವ ಜಾಗದಲ್ಲಿ ಒಂಟಿ ಸಾಲಾಗಿ ಪೇರಿಸಿ. ಮೇಲೆ ಮಾತ್ರ ತಗಡೋ ಟಾರ್ಪಾಲೋ ಹೊದಿಸಿ, ಪಕ್ಕಗಳು ತೆರೆದಿರಲಿ. ನೆಲದವರೆಗೆ ಟಾರ್ಪಾಲು ಸುತ್ತಿ ಕಟ್ಟುವುದು ನಾನು ನೋಡಿದ ದೊಡ್ಡ ತಪ್ಪು. ಒಳಗೆ ಹಬೆ ಕೂತು ಸೌದೆಗೆ ಬೂಷ್ಟು ಹಿಡಿಯುತ್ತದೆ. ಮನೆ ಗೋಡೆಗೆ ಒರಗಿಸಿ ಪೇರಿಸುವುದೂ ಬೇಡ, ಗೆದ್ದಲು, ಇಲಿ ಎರಡಕ್ಕೂ ದಾರಿಯಾಗುತ್ತದೆ.

ಒಲೆಯ ಉದ್ದಕ್ಕಿಂತ ಎರಡು ಮೂರು ಇಂಚು ಗಿಡ್ಡವಾಗಿ ಸೌದೆ ಕೊಯ್ಯಿಸಿ. ದಪ್ಪ 3ರಿಂದ 6 ಇಂಚು. ಸೌದೆಯನ್ನು ದೂರದ ಊರಿಂದ ಸಾಗಿಸಬೇಡಿ. ಆ್ಯಶ್ ಮರಗಳನ್ನು ಕೊಲ್ಲುತ್ತಿರುವ ಹಸಿರು ದುಂಬಿ ಹರಡಲು ಹೀಗೆ ಸಾಗಿಸಿದ ಸೌದೆಯೂ ಒಂದು ಕಾರಣ. ದಿಮ್ಮಿಯ ಮೇಲೆ ಕೂದಲು ಕೂದಲಾಗಿರುವ ಬಳ್ಳಿ ಅಂಟಿಕೊಂಡಿದ್ದರೆ ಅದು ಪಾಯಿಸನ್ ಐವಿ ಇರಬಹುದು. ಅಂಥದನ್ನು ಸುಡಲೇಬಾರದು. ಅದರ ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

## ಹಂತ 3: ಕೈಗೆ ಬೇಕಾದ ಸಾಮಾನು

ದೊಡ್ಡ ಪಟ್ಟಿಯೇನಲ್ಲ. ಮಾಯಿಶ್ಚರ್ ಮೀಟರ್. ಮೊಣಕೈವರೆಗೆ ಬರುವ ಚರ್ಮದ ಗ್ಲೌಸ್. ಕೆಂಡ ಎಳೆಯಲು ಒಂದು ಕಬ್ಬಿಣದ ಕೊಕ್ಕೆ. ಬೂದಿಗೆ ಸಲಿಕೆ ಮತ್ತು ಮುಚ್ಚಳವಿರುವ ಲೋಹದ ಬಕೆಟ್. ಪುಳ್ಳೆ ಸೀಳಲು ಸಣ್ಣ ಕೊಡಲಿ. ಒಂದು ಬೆಂಕಿ ಆರಿಸುವ ಸಿಲಿಂಡರ್, ಒಲೆಯ ಪಕ್ಕದಲ್ಲಲ್ಲ, ಕೋಣೆಯಿಂದ ಹೊರಹೋಗುವ ಬಾಗಿಲ ಹತ್ತಿರ.

ಇವುಗಳಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಕೊಳವೆಗೆ ಅಂಟಿಸುವ ಥರ್ಮಾಮೀಟರ್. ಅಯಸ್ಕಾಂತದ್ದು, ಒಲೆಯಿಂದ ಒಂದೂವರೆ ಅಡಿ ಮೇಲೆ ಕೊಳವೆಗೆ ಅಂಟಿಸಿದರಾಯಿತು. ಒಂದೇ ಪದರದ ಕಪ್ಪು ಕೊಳವೆಯಾದರೆ ಮುಳ್ಳು 250ರಿಂದ 475 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರಬೇಕು. 250ಕ್ಕಿಂತ ಕೆಳಗೆ ನಿಂತರೆ ಕ್ರಿಯೋಸೋಟ್ ಕಟ್ಟುತ್ತಿದೆ ಅಂತ. 475 ದಾಟಿದರೆ ಉರಿ ಅತಿಯಾಗಿದೆ ಅಂತ. ಎರಡು ಪದರದ ಕೊಳವೆಗೆ ಇದು ಆಗುವುದಿಲ್ಲ, ತೂತು ಕೊರೆದು ಒಳಗೆ ಇಳಿಸುವ ಮಾದರಿ ಬೇಕು. ಥರ್ಮಾಮೀಟರ್ ಇಲ್ಲದೆ ಒಲೆ ಉರಿಸುವವರಿಗೆ ನಾನು ಫೋನ್‌ನಲ್ಲಿ ಹೇಳುವ ಮೊದಲ ಮಾತೇ ಅದನ್ನು ತನ್ನಿ ಅಂತ. ಅದಿಲ್ಲದೆ ಮುಂದಿನ ಹಂತಗಳು ಊಹೆಯಾಗುತ್ತವೆ.

## ಹಂತ 4: ಹಚ್ಚುವುದು, ಮೇಲಿಂದ ಕೆಳಕ್ಕೆ

ಊರಲ್ಲಿ ನಾವು ಕೆಳಗೆ ಪುಳ್ಳೆ, ಮೇಲೆ ಸೌದೆ ಇಡುತ್ತೇವೆ. ಇಲ್ಲಿ ಅದನ್ನು ಪೂರ್ತಿ ತಿರುಗಿಸಿ. ಮೊದಲ ಸಲ ವಿಚಿತ್ರ ಅನ್ನಿಸುತ್ತದೆ, ಒಮ್ಮೆ ಮಾಡಿ ನೋಡಿ.

ಮೊದಲು ಕೊಳವೆಯ ಎಳೆತ ನೋಡಿ. ಬಾಗಿಲು ತೆರೆದು ಒಳಗೆ ಕೈ ಇಡಿ. ತಣ್ಣನೆ ಗಾಳಿ ಕೈಗೆ ಬಡಿದರೆ ಕೊಳವೆಯ ಗಾಳಿ ಕೆಳಗೆ ಇಳಿಯುತ್ತಿದೆ. ಮನೆಯ ಹೊರಗೋಡೆಯಲ್ಲಿ ಚಿಮಣಿ ಇದ್ದರೆ, ಒಲೆ ಬೇಸ್‌ಮೆಂಟಿನಲ್ಲಿದ್ದರೆ ಹೀಗಾಗುವುದು ಜಾಸ್ತಿ. ಈಗ ಕಡ್ಡಿ ಗೀರಿದರೆ ಹೊಗೆ ಮುಖಕ್ಕೇ. ಹತ್ತಿರದ ಒಂದು ಕಿಟಕಿಯನ್ನು ಒಂದು ಇಂಚು ತೆರೆಯಿರಿ. ಒಂದು ಹಾಳೆ ನ್ಯೂಸ್‌ಪೇಪರ್ ಸುತ್ತಿ ಹಚ್ಚಿ, ಒಲೆಯೊಳಗೆ ಕೊಳವೆಯ ಬಾಯಿ ಹತ್ತಿರ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಗಾಳಿ ತಿರುಗಿ ಜ್ವಾಲೆ ಮೇಲಕ್ಕೆ ಎಳೆದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣವಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಓಡುತ್ತಿರುತ್ತದೆ. ಅದು ಮನೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಬಿಗಿಯಾದ ಮನೆಯಲ್ಲಿ ಬದಲಿ ಗಾಳಿ ಬರಲು ಬೇರೆ ದಾರಿಯಿಲ್ಲದೆ ಚಿಮಣಿಯಿಂದಲೇ ಕೆಳಗಿಳಿಯುತ್ತದೆ. ಬಟ್ಟೆ ಒಣಗಿಸುವ ಯಂತ್ರವೂ ಹೀಗೇ. ಒಲೆ ಹಚ್ಚುವಾಗ, ಬಾಗಿಲು ತೆರೆಯುವಾಗ ಇವೆರಡನ್ನೂ ನಿಲ್ಲಿಸಿ.

ಜೋಡಿಸುವುದು. ಗಾಳಿಯ ಹಿಡಿಕೆಯನ್ನು ಪೂರ್ತಿ ತೆರೆಯಿರಿ. ಕೊಳವೆಯಲ್ಲಿ ಡ್ಯಾಂಪರ್ (ಹೊಗೆಯ ದಾರಿ ತೆರೆದು ಮುಚ್ಚುವ ತಗಡು) ಇದ್ದರೆ ಅದೂ ಪೂರ್ತಿ ತೆರೆದಿರಲಿ. ತಳದಲ್ಲಿ ಎರಡು ಮೂರು ದಪ್ಪ ಸೀಳು, ನಡುವೆ ಬೆರಳಷ್ಟು ಸಂದಿ ಬಿಟ್ಟು. ಅದರ ಮೇಲೆ ಅಡ್ಡಲಾಗಿ ಮಣಿಕಟ್ಟಿನ ದಪ್ಪದ ನಾಲ್ಕು ಸೀಳು. ಅದರ ಮೇಲೆ ಹೆಬ್ಬೆರಳಿನ ದಪ್ಪದ ಎಂಟು ಹತ್ತು ಪುಳ್ಳೆ, ಜಾಲರಿಯ ಹಾಗೆ. ಎಲ್ಲಕ್ಕಿಂತ ಮೇಲೆ ಗಂಟು ಹಾಕಿದ ನಾಲ್ಕು ಹಾಳೆ ನ್ಯೂಸ್‌ಪೇಪರ್, ಇಲ್ಲವೇ ಬಿಳಿ ಬರ್ಚ್ ಮರದ ತೊಗಟೆ. ಬರ್ಚ್ ತೊಗಟೆಗೆ ಕಡ್ಡಿ ತಾಗಿಸಿದರೆ ಹಪ್ಪಳ ಎಣ್ಣೆಗೆ ಬಿದ್ದ ಹಾಗೆ ಸುರುಳಿ ಸುತ್ತಿಕೊಂಡು, ಕಪ್ಪು ಹೊಗೆ ಬಿಟ್ಟು ದೊಡ್ಡದಾಗಿ ಉರಿಯುತ್ತದೆ. ಬಿದ್ದ ಮರದಿಂದಷ್ಟೇ ತೆಗೆಯಿರಿ, ನಿಂತ ಮರದ ತೊಗಟೆ ಸುಲಿಯಬೇಡಿ.

ಮೇಲೆ ಹಚ್ಚಿ, ಬಾಗಿಲನ್ನು ಅರ್ಧ ಇಂಚು ಸಡಿಲ ಬಿಟ್ಟು ಹತ್ತಿರವೇ ಕೂತಿರಿ. ಮೇಲಿನ ಉರಿ ಮೊದಲು ಕೊಳವೆ ಬಿಸಿ ಮಾಡುತ್ತದೆ. ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ. ಕೆಳಗಿನಿಂದ ಏಳುವ ಹೊಗೆ ಮೇಲಿನ ಜ್ವಾಲೆಯ ನಡುವೆಯೇ ಹಾದು ಸುಟ್ಟುಹೋಗುತ್ತದೆ. ಐದು ಹತ್ತು ನಿಮಿಷಕ್ಕೆ ಪುಳ್ಳೆಯೆಲ್ಲ ಹತ್ತಿಕೊಂಡಾಗ ಬಾಗಿಲು ಹಾಕಿ. ಬಾಗಿಲು ಸಡಿಲವಿರುವಾಗ ಎದ್ದು ಬೇರೆ ಕೋಣೆಗೆ ಹೋಗಬೇಡಿ.

ಇವು ಒಲೆಗೆ ಬೇಡ. ಸೀಮೆಎಣ್ಣೆ, ಪೆಟ್ರೋಲ್, ಯಾವ ಎಣ್ಣೆಯೂ ಬೇಡ. ಊರಲ್ಲಿ ಮಳೆಗಾಲದಲ್ಲಿ ಒಂದು ಚಮಚ ಸೀಮೆಎಣ್ಣೆ ಸುರಿಯುವ ರೂಢಿ ಎಷ್ಟೋ ಮನೆಗಳಲ್ಲಿತ್ತು, ಮುಚ್ಚಿದ ಒಲೆಯಲ್ಲಿ ಅದು ಸ್ಫೋಟಕ್ಕೆ ಸಮ. ಬಣ್ಣ ಬಳಿದ ಮರ, ಪ್ಲೈವುಡ್, ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಹಲಗೆ, ಪ್ಲಾಸ್ಟಿಕ್, ಮಿರುಗುವ ಕಾಗದದ ಮದುವೆ ಕಾರ್ಡು, ರಟ್ಟಿನ ಪೆಟ್ಟಿಗೆ ಯಾವುದೂ ಬೇಡ. ಊದುಕೊಳವೆಯ ಅಗತ್ಯವೂ ಇಲ್ಲ. ಊದಬೇಕಾಗಿ ಬಂದರೆ ಸೌದೆ ಹಸಿಯಾಗಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ.

## ಹಂತ 5: ಗಾಳಿಯ ಹಿಡಿತ

ಮುಳ್ಳು 250 ದಾಟಿ ಸೌದೆಯ ಮೈಯೆಲ್ಲ ಕಪ್ಪಾಗಿ ಹತ್ತಿಕೊಂಡ ಮೇಲೆ ಗಾಳಿ ಕಡಿಮೆ ಮಾಡಲು ಶುರು ಮಾಡಿ. ಒಂದೇ ಸಲಕ್ಕೆ ಮುಚ್ಚಬೇಡಿ. ಮೊದಲು ಕಾಲು ಭಾಗ. ಐದು ನಿಮಿಷ ನೋಡಿ. ಜ್ವಾಲೆ ಜೀವಂತವಾಗಿದ್ದರೆ ಇನ್ನು ಸ್ವಲ್ಪ. ಗಾಳಿ ಕಡಿಮೆಯಾದಾಗ ಜ್ವಾಲೆ ಆರಿ ಬೂದು ಹೊಗೆ ಸುತ್ತತೊಡಗಿದರೆ ತಕ್ಷಣ ಒಂದು ಹೆಜ್ಜೆ ಹಿಂದಕ್ಕೆ ತೆರೆಯಿರಿ.

ಈಚಿನ ಒಲೆಗಳಲ್ಲಿ ಮೇಲ್ಭಾಗದಲ್ಲಿ ತೂತುಗಳಿರುವ ಕೊಳವೆಗಳು ಇರುತ್ತವೆ. ಒಲೆ ಚೆನ್ನಾಗಿ ಕಾದ ಮೇಲೆ ಆ ತೂತುಗಳ ಬಾಯಲ್ಲಿ ಗ್ಯಾಸ್ ಒಲೆಯ ಹಾಗೆ ಜ್ವಾಲೆ ಕಾಣಿಸುತ್ತದೆ, ಸೌದೆಯ ಮೇಲೆ ತೇಲುತ್ತಾ ನಿಧಾನ ಅಲೆಯಾಡುತ್ತದೆ. ಹೊಗೆಯೇ ಅಲ್ಲಿ ಉರಿಯುತ್ತಿದೆ. ಮನೆಗೆ ಬರುವ ಶಾಖದ ದೊಡ್ಡ ಪಾಲು ಅದರಿಂದಲೇ. ಕ್ಯಾಟಲಿಸ್ಟ್ (ಹೊಗೆಯನ್ನು ಸುಡುವ ಜಾಲರಿಯಂಥ ಭಾಗ) ಇರುವ ಒಲೆಯಾದರೆ ಅದರದೇ ಥರ್ಮಾಮೀಟರ್ ಸುಮಾರು 500 ಡಿಗ್ರಿ ಫ್ಯಾರನ್‌ಹೀಟ್ ತೋರಿಸುವವರೆಗೆ ಬೈಪಾಸ್, ಅಂದರೆ ಹೊಗೆ ನೇರ ಕೊಳವೆಗೆ ಹೋಗುವ ದಾರಿ, ತೆರೆದೇ ಇರಲಿ.

ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಸಲ ಅಂಗಳಕ್ಕೆ ಹೋಗಿ ಚಿಮಣಿಯ ತುದಿ ನೋಡಿ. ಹಚ್ಚಿ ಇಪ್ಪತ್ತು ನಿಮಿಷವಾದ ಮೇಲೆ ಅಲ್ಲಿ ಬಿಸಿ ಗಾಳಿಯ ನಡುಕ ಮಾತ್ರ ಕಾಣಬೇಕು. ಕಡು ಚಳಿಯಲ್ಲಿ ಬಿಳಿ ಹಬೆ ಬರಬಹುದು, ಅದು ಬೇಗ ಕರಗುತ್ತದೆ. ನೀಲಿಯೋ ಬೂದಿಯೋ ಬಣ್ಣದ ಹೊಗೆ ಉದ್ದಕ್ಕೆ ಹರಿಯುತ್ತಿದ್ದರೆ ನಿಮ್ಮ ಸೌದೆಯ ದುಡ್ಡು ಅಲ್ಲಿ ಹೋಗುತ್ತಿದೆ. ಒಳಗೆ ಗಾಜು ಕಪ್ಪಾಗುವುದೂ ಇದೇ ಸುದ್ದಿ.

## ಹಂತ 6: ಮತ್ತೆ ತುಂಬಿಸುವುದು, ರಾತ್ರಿಯ ಬೆಂಕಿ

ಬಚ್ಚಲೊಲೆಯ ಅಭ್ಯಾಸದಿಂದ ನಮ್ಮವರು ಹತ್ತು ನಿಮಿಷಕ್ಕೊಂದು ಸೌದೆ ಹಾಕುತ್ತಾ ಇರುತ್ತಾರೆ. ಈ ಒಲೆಗೆ ಅದು ಹೊಂದುವುದಿಲ್ಲ. ಒಂದು ಸುತ್ತು ತುಂಬಿ. ಜ್ವಾಲೆ ಮುಗಿದು ಕೆಂಡವಾಗುವವರೆಗೆ ಬಿಡಿ. ಆಮೇಲೆ ಮುಂದಿನ ಸುತ್ತು.

ಬಾಗಿಲು ತೆರೆಯುವ ಒಂದು ನಿಮಿಷ ಮೊದಲು ಗಾಳಿ ಪೂರ್ತಿ ಬಿಡಿ. ಬಾಗಿಲನ್ನು ಒಂದು ಇಂಚು ತೆರೆದು ಹತ್ತು ಎಣಿಸಿ, ಆಮೇಲೆ ಮೆಲ್ಲಗೆ ಪೂರ್ತಿ ತೆರೆಯಿರಿ. ರಪ್ಪನೆ ತೆರೆದರೆ ಹೊಗೆಯೂ ಒಮ್ಮೊಮ್ಮೆ ಬೆಂಕಿಯ ನಾಲಿಗೆಯೂ ಹೊರಗೆ ನುಗ್ಗುತ್ತವೆ. ಹಿಂದಿನ ಕೆಂಡವನ್ನೆಲ್ಲ ಕೊಕ್ಕೆಯಿಂದ ಮುಂದಕ್ಕೆ, ಗಾಳಿ ಬರುವ ಕಡೆಗೆ ಎಳೆಯಿರಿ. ಹೊಸ ಸೌದೆ ಹಿಂದೆ ಇಡಿ.

ರಾತ್ರಿಗೆ ದಪ್ಪ ಸೀಳು ನಾಲ್ಕೈದು, ಒತ್ತೊತ್ತಾಗಿ. ಒತ್ತಾಗಿದ್ದರೆ ನಿಧಾನ ಉರಿಯುತ್ತದೆ. ಈಗ ಬರುತ್ತದೆ ಎಲ್ಲರೂ ಮಾಡುವ ತಪ್ಪು: ಬೆಳಗಿನವರೆಗೆ ಬರಲಿ ಅಂತ ತುಂಬಿಸಿದ ಕೂಡಲೇ ಗಾಳಿ ಮುಚ್ಚಿ ಮಲಗುವುದು. ಆ ಒಲೆ ರಾತ್ರಿಯೆಲ್ಲ ಹೊಗೆಯಾಡುತ್ತದೆ. ಮನೆಗೆ ಶಾಖವಿಲ್ಲ, ಚಿಮಣಿಗೆ ಟಾರು, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಭಯ. ಹದಿನೈದು ಇಪ್ಪತ್ತು ನಿಮಿಷ ಪೂರ್ತಿ ಗಾಳಿಯಲ್ಲಿ ಉರಿಸಿ, ಹಂತ ಹಂತವಾಗಿ ಇಳಿಸಿ, ಜ್ವಾಲೆ ನೆಲೆ ನಿಂತ ಮೇಲೆ ಮಲಗಿ. ಮಲಗುವ ಹೊತ್ತಿಗೆ ಮುಕ್ಕಾಲು ಗಂಟೆ ಮುಂಚೆ ತುಂಬಿಸಿದರೆ ಅವಸರವೇ ಇರುವುದಿಲ್ಲ.

ತುಂಬಾ ಚಳಿಯ ದಿನಗಳಲ್ಲಿ ಇನ್ನೊಂದು ತೊಂದರೆ. ಮೇಲಿಂದ ಮೇಲೆ ತುಂಬಿಸಿ ಒಲೆ ಅರ್ಧ ಕೆಂಡದಿಂದಲೇ ತುಂಬುತ್ತದೆ, ಹೊಸ ಸೌದೆಗೆ ಜಾಗವಿಲ್ಲ. ಕೆಂಡವನ್ನು ಹೊರಗೆ ತೆಗೆಯಬೇಡಿ. ಮುಂದಕ್ಕೆ ಎಳೆದು, ಮೇಲೆ ಒಂದೇ ತೆಳು ಪೈನ್ ಸೀಳು ಇಟ್ಟು, ಗಾಳಿ ಪೂರ್ತಿ ತೆರೆಯಿರಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ.

## ಹಂತ 7: ಶಾಖ ಹರಡುವುದು, ನೀರಿನ ಪೈಪ್ ಕಾಯುವುದು

ಒಲೆಯ ಕೋಣೆ ಸುಡುತ್ತದೆ, ಹಿಂದಿನ ಕೋಣೆ ನಡುಗುತ್ತದೆ. ಬಿಸಿ ಗಾಳಿಯನ್ನು ತಳ್ಳಲು ಎಲ್ಲರೂ ಫ್ಯಾನನ್ನು ಒಲೆಯ ಹತ್ತಿರ ಇಡುತ್ತಾರೆ. ಬದಲಿಗೆ ತಣ್ಣನೆ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ, ಒಲೆಯ ಕಡೆಗೆ ಮುಖ ಮಾಡಿ ಸಣ್ಣ ಫ್ಯಾನ್ ಇಡಿ. ತಣ್ಣನೆ ಗಾಳಿ ಭಾರ, ನೆಲದಲ್ಲೇ ಇರುತ್ತದೆ. ಅದನ್ನು ಒಲೆಯ ಕಡೆ ತಳ್ಳಿದರೆ ಆ ಜಾಗಕ್ಕೆ ಮೇಲಿನ ಬಿಸಿ ಗಾಳಿ ತಾನಾಗಿ ಬರುತ್ತದೆ.

ಫರ್ನೇಸನ್ನು, ಅಂದರೆ ಮನೆಯೆಲ್ಲ ಬಿಸಿ ಮಾಡುವ ಯಂತ್ರವನ್ನು, ಪೂರ್ತಿ ಆರಿಸಬೇಡಿ. ಥರ್ಮೋಸ್ಟ್ಯಾಟ್ ಒಲೆಯ ಕೋಣೆಯಲ್ಲೇ ಇದ್ದರೆ ಮನೆಯೆಲ್ಲ ಬೆಚ್ಚಗಿದೆ ಅಂದುಕೊಂಡು ಫರ್ನೇಸ್ ಓಡುವುದೇ ಇಲ್ಲ. ಅಷ್ಟರಲ್ಲಿ ಬೇಸ್‌ಮೆಂಟಿನಲ್ಲೋ ಹಿಂದಿನ ಬಚ್ಚಲಿನ ಗೋಡೆಯಲ್ಲೋ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಕಡು ಚಳಿಯ ರಾತ್ರಿ ಫರ್ನೇಸ್ ಆಗಾಗ ಓಡುವ ಹಾಗೆ ನೋಡಿಕೊಳ್ಳಿ. ಬಚ್ಚಲಿನ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿಯಿಂದ ಸಣ್ಣ ಎಳೆ ನೀರು ಬಿಡಿ.

ಚಳಿಗಾಲಕ್ಕೆ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಮೊದಲ ದಿನವೇ ಹೇಳಿ. ಶಾಲು, ಸೀರೆಯ ಸೆರಗು ಒಲೆಗೆ ತಾಗಬಾರದು. ಒಲೆಯ ಮೈ ಮುಟ್ಟಿದರೆ ಚರ್ಮ ಕಿತ್ತು ಬರುವಷ್ಟು ಬಿಸಿ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮೂರು ಅಡಿ ಆಚೆ. ತೆವಳುವ ಮಗುವಿದ್ದರೆ ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಿದ ಲೋಹದ ಬೇಲಿ ಬೇಕು, ಸುಮ್ನೆ ಒರಗಿಸಿಟ್ಟದ್ದು ಸಾಲದು.

## ಹಂತ 8: ಬೂದಿ

ತಳದಲ್ಲಿ ಒಂದು ಇಂಚು ಬೂದಿ ಯಾವಾಗಲೂ ಇರಲಿ. ಅದು ಕೆಂಡವನ್ನು ಬೆಚ್ಚಗೆ ಕಾಯುತ್ತದೆ. ಹೆಚ್ಚಿನದನ್ನು ಮಾತ್ರ ತೆಗೆಯಿರಿ.

ಬೂದಿಯೊಳಗೆ ಹೂತ ಕೆಂಡ ಮೂರು ನಾಲ್ಕು ದಿನವೂ ಜೀವ ಹಿಡಿದಿರುತ್ತದೆ. ಮೇಲೆ ಕೈಯಿಟ್ಟರೆ ತಣ್ಣಗೇ ಇರುತ್ತದೆ. ಕಾಗದದ ಚೀಲಕ್ಕೋ ಪ್ಲಾಸ್ಟಿಕ್ ಡಬ್ಬಕ್ಕೋ ತುಂಬಿ ಮರದ ಜಗಲಿಯ ಮೇಲೆ, ಗ್ಯಾರೇಜಿನಲ್ಲಿ ಇಟ್ಟು ಮನೆ ಸುಟ್ಟುಕೊಂಡವರಿದ್ದಾರೆ. ಲೋಹದ ಬಕೆಟ್, ಬಿಗಿ ಮುಚ್ಚಳ, ಮನೆಯಿಂದ ಹತ್ತು ಅಡಿ ದೂರ, ಕಲ್ಲು ಅಥವಾ ಮಣ್ಣಿನ ಮೇಲೆ. ವಾರವಾದ ಮೇಲೆ ತೋಟಕ್ಕೆ ತೆಳ್ಳಗೆ ಹರಡಬಹುದು, ಬ್ಲೂಬೆರಿ ಗಿಡದ ಬುಡಕ್ಕೆ ಮಾತ್ರ ಬೇಡ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಬೂದಿ ಎಳೆಯಬೇಡಿ.

ಮಸಿ ಹಿಡಿದ ಗಾಜಿಗೂ ಬೂದಿಯೇ ಮದ್ದು. ಒಲೆ ತಣ್ಣಗಿರುವಾಗ ಒದ್ದೆ ಕಾಗದವನ್ನು ನುಣ್ಣನೆ ಬೂದಿಗೆ ಅದ್ದಿ ಉಜ್ಜಿ. ಪಾತ್ರೆ ತಿಕ್ಕಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ.

## ಹಂತ 9: ಅಪಾಯದ ಗುರುತು, ಆಗ ಮಾಡಬೇಕಾದ್ದು

ಬಾಗಿಲು ಸಡಿಲ. ಒಂದು ಹಾಳೆಯ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸರಕ್ಕನೆ ಬಂದರೆ ಅಂಚಿನ ಹಗ್ಗದಂಥ ಗ್ಯಾಸ್ಕೆಟ್ ಸವೆದಿದೆ. ಗಾಳಿ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಬದಲಾಯಿಸಿ.

ಒಲೆಯೋ ಕೊಳವೆಯೋ ಕೆಂಪಗೆ ಕಾದಿದೆ. ಗಾಳಿ ಪೂರ್ತಿ ಮುಚ್ಚಿ. ಬಾಗಿಲು ತೆರೆಯಬೇಡಿ. ನೀರು ಹಾಕಬೇಡಿ, ಎರಕದ ಕಬ್ಬಿಣ ಸೀಳುತ್ತದೆ.

ಚಿಮಣಿಗೆ ಬೆಂಕಿ. ಕೊಳವೆಯಲ್ಲಿ ರೈಲು ಹಾದುಹೋಗುವ ಹಾಗೆ ಗುಡುಗು, ಕೊಳವೆಯ ನಡುಕ, ಚಿಮಣಿ ತುದಿಯಲ್ಲಿ ಕಿಡಿಯ ಕಾರಂಜಿ. ಗಾಳಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತನ್ನಿ, 911ಕ್ಕೆ ಫೋನ್ ಮಾಡಿ. ತಾನಾಗಿ ಆರಿತು ಅನ್ನಿಸಿದರೂ ಫೋನ್ ಮಾಡಿ. ಗೋಡೆಯೊಳಗಿನ ಮರ ಹೊತ್ತಿರಬಹುದು. ಪರೀಕ್ಷೆ ಆಗುವವರೆಗೆ ಆ ಒಲೆಗೆ ಕಡ್ಡಿ ಗೀರಬೇಡಿ. ಕೆಲವೊಮ್ಮೆ ಸದ್ದಿಲ್ಲದೆಯೂ ಈ ಬೆಂಕಿ ಬಂದು ಹೋಗುತ್ತದೆ. ಅಂಗಳದ ಹಿಮದ ಮೇಲೆ ಕರಿ ಚಕ್ಕೆಗಳು ಬಿದ್ದಿದ್ದರೆ, ಚಿಮಣಿಯ ಟೊಪ್ಪಿ ಸೊಟ್ಟಗಾಗಿದ್ದರೆ ಅನುಮಾನ ಪಡಿ.

ತಲೆನೋವು, ಓಕರಿಕೆ, ಮನೆಮಂದಿಗೆಲ್ಲ ಒಟ್ಟಿಗೆ. ಜ್ವರ ಬರುತ್ತಿದೆ ಅಂದುಕೊಂಡು ಮಲಗಬೇಡಿ. ಅಲಾರಂ ಕೂಗಲಿ ಬಿಡಲಿ, ಮೊದಲು ಹೊರಗೆ ಬನ್ನಿ, ಆಮೇಲೆ ಫೋನ್.

## ಹಂತ 10: ಏಪ್ರಿಲ್

ಕೊನೆಯ ಬೆಂಕಿ ಆರಿ ಒಲೆ ತಣ್ಣಗಾದ ಮೇಲೆ ಬೂದಿ ಪೂರ್ತಿ ತೆಗೆಯಿರಿ. ಬೇಸಿಗೆಯ ತೇವದಲ್ಲಿ ಬೂದಿ ಕಬ್ಬಿಣ ತಿನ್ನುತ್ತದೆ. ಒಳಗಿನ ಇಟ್ಟಿಗೆ ಒಂದೊಂದನ್ನೂ ನೋಡಿ. ಕೂದಲೆಳೆ ಬಿರುಕು ಪರವಾಗಿಲ್ಲ, ಪುಡಿಯಾಗಿ ಜಾಗ ಬಿಟ್ಟಿದ್ದರೆ ಹೊಸದು ಬೇಕು. ಚಿಮಣಿಯವರಿಗೆ ಈಗಲೇ ದಿನ ಗೊತ್ತು ಮಾಡಿಸಿ.

ಆಮೇಲೆ ಸೌದೆ ತರಿಸಿ, ಬರುವ ಚಳಿಗಾಲಕ್ಕಲ್ಲ, ಅದರ ಮುಂದಿನದಕ್ಕೆ. ಮೊದಲ ವರ್ಷ ಎರಡು ಪಟ್ಟು ಖರ್ಚು ಬರುತ್ತದೆ ನಿಜ, ಆಮೇಲೆ ವರ್ಷಕ್ಕೆ ಒಂದೇ ಪಾಲು. ಪೇರಿಸಿ ಮುಗಿದ ದಿನ ಸಾಲಿನ ತುದಿಯ ಸೀಳಿನ ಮೇಲೆ ಸೀಮೆಸುಣ್ಣದಲ್ಲಿ ಮರದ ಹೆಸರು, ತಿಂಗಳು, ವರ್ಷ ಬರೆದಿಡಿ. ಮಳೆಗೆ ಅಳಿಸಿಹೋದರೆ ಮತ್ತೆ ಬರೆಯಿರಿ.